ದೇವರ ಚಿತ್ತ ಎಂಬ ಮೇಸ್ತ್ರಿ

"ಇಳಿಯೋ ಬೋಳಿಮಗನೆ! ಗುಂಡಿ ಏನು ನಿನ್ನ ಹೊಸ ಹೆಂಡ್ತೀನಾ, ಹಿಂಗೆ ನಾಚ್ಕೊಂಡು ನಿಂತಿದೀಯಲ್ಲ?"

ಮೇಸ್ತ್ರಿಯ ಬೆಲ್ಟು ಕತ್ತಿಯಕ್ಕನ ಅಳಿಯನ ಬೆನ್ನಿಗೆ ಬಿತ್ತು. ಚರ್ಮ ಹದ ಮಾಡುವ ಆ ಕಾರ್ಖಾನೆಯಲ್ಲಿ ಸತ್ತ ದನಗಳ ಚರ್ಮಕ್ಕಿಂತ ಬದುಕಿದವರ ಚರ್ಮವೇ ಹೆಚ್ಚು ಹದವಾಗುತ್ತಿತ್ತು.

ಕತ್ತಿಯಕ್ಕ ದಿಮ್ಮಿಯ ಮೇಲೆ ಹಸಿ ಚರ್ಮ ಹಾಸಿ, ಎರಡು ಹಿಡಿಯ ಬಾಗುಗತ್ತಿಯಿಂದ ಮಾಂಸದ ಚೂರು ಹೆರೆಯುತ್ತಿದ್ದಳು. ಹೆರೆಯುವ ಕೈ ನಿಂತಿತು. ಕೊಳಚೆ ಗುಂಡಿಯ ಕೊಳವೆ ಕಟ್ಟಿಕೊಂಡಿತ್ತು. ಕಬ್ಬಿಣದ ಮುಚ್ಚಳ ಆಗಲೇ ತೆಗೆದಿದ್ದರು. ಅದರ ನಾತಕ್ಕೆ ಆಕಾಶದ ಹದ್ದು ಕೂಡ ಒಂದು ರೆಕ್ಕೆಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದರಲ್ಲಿ ಹಾರುತ್ತಿತ್ತು. ಆ ವಿಷಗಾಳಿಯೇ ಅವಳ ಗಂಡನನ್ನು ನುಂಗಿದ್ದು. ಹಗ್ಗ ಎಳೆದಾಗ ಮೇಲೆ ಬಂದವನ ಬಾಯಿ ತುಂಬ ಕಪ್ಪು ಕೆಸರಿತ್ತು. ಈಗ ಅಳಿಯನ ಸೊಂಟಕ್ಕೆ ಹಗ್ಗ ಕಟ್ಟಿದ್ದರು.

ಅವತ್ತು ಧಣಿ ಹೆಣದ ಮುಂದೆ ನಿಂತು "ದೇವರ ಚಿತ್ತ" ಎಂದಿದ್ದ. ಚರ್ಚಿನ ಸಭೆಯ ಹಿರಿಯನಲ್ಲವೆ! ಭಾನುವಾರ ಮೊದಲ ಬೆಂಚಿನಲ್ಲಿ ಕೂತು ಅವನು 'ಆಮೆನ್' ಎಂದರೆ ಹಿಂದಿನ ಬೆಂಚಿನವರ ಕಿವಿಯ ಗುಗ್ಗೆ ಉದುರುತ್ತಿತ್ತು. ಈ ಮಾತನ್ನು ಕತ್ತಿಯಕ್ಕ ಅವನ ಅಪ್ಪನ ಬಾಯಲ್ಲೂ ಕೇಳಿದ್ದಳು. ಯಾರ ಬೆರಳು ಯಂತ್ರಕ್ಕೆ ಹೋದರೂ ದೇವರ ಚಿತ್ತ, ಯಾರ ಕಣ್ಣಿಗೆ ಸುಣ್ಣ ಬಿದ್ದರೂ ದೇವರ ಚಿತ್ತ. ಧಣಿಗೆ ಮೇಸ್ತ್ರಿ ಇದ್ದಂತೆ ದೇವರಿಗೂ ಚಿತ್ತ ಎಂಬ ಮೇಸ್ತ್ರಿ ಇದ್ದಾನೆಂದೇ ಅವಳು ತಿಳಿದಿದ್ದಳು. ಮೊಣಕಾಲೂರಿ ಬೇಡುತ್ತಿದ್ದಳು: "ಕರ್ತನೇ, ನೀನೇನೋ ಒಳ್ಳೆಯವನು. ಆ ಚಿತ್ತನ್ನ ಮೊದಲು ಕೆಲಸದಿಂದ ತೆಗಿ ನನ್ನಪ್ಪ."

ಇದು ಕಿವಿಗೆ ಬಿದ್ದ ದಿನ ಮುದಿ ಪಾದ್ರಿ ನಕ್ಕ ನಗೆಗೆ ಹಲ್ಲುಸೆಟ್ಟು ಕೈಗೆ ಬಂದಿತ್ತು.

"ಚಿತ್ತ ಅಂದ್ರೆ ಆಳಲ್ಲ ಕಣಮ್ಮ, ಮನಸ್ಸು. ದೇವರ ಮನಸ್ಸಲ್ಲಿರೋದು."

"ಅದು ಧಣಿಗೆ ಮಾತ್ರ ಗೊತ್ತಾಗತ್ತಾ ಅಯ್ಯನೋರೆ?"

ಪಾದ್ರಿಯ ನಗು ನಿಂತಿತು. "ಇಲ್ಲಮ್ಮ. ತನ್ನ ಸ್ನೇಹ ಮಾಡಿದವರಿಗೆಲ್ಲ ದೇವರು ಹೇಳ್ತಾನೆ. ಹೇಳಿ ಸುಮ್ನಿರಲ್ಲ, ತನ್ನ ಕೆಲಸಕ್ಕೂ ಕರೀತಾನೆ."

ಅಂದಿನಿಂದ ಅವಳು ಚರ್ಮ ಹೆರೆಯುತ್ತಲೇ ದೇವರ ಜೊತೆ ಹರಟುತ್ತಿದ್ದಳು. ಕಟ್ಟಿಕೊಂಡ ಗಂಡನ ಜೊತೆಯೂ ಅಷ್ಟು ಮಾತಾಡಿದವಳಲ್ಲ.

ಈಗ ಕತ್ತಿ ಹಿಡಿದೇ ಬಂದವಳು ಅಳಿಯನ ಸೊಂಟದ ಹಗ್ಗ ಕೊಯ್ದಳು.

"ಬೇಡ ಅತ್ತೆ, ಕೊಂದಾಕ್ತಾರೆ."

"ಇಳಿದ್ರೆ ಏನು, ಮುದ್ದು ಮಾಡ್ತಾರಾ? ಸುಮ್ನಿರು."

ಧಣಿ ಬಂದ. ಮೊದಲು ಹೊಟ್ಟೆ ಬಂತು, ಸ್ವಲ್ಪ ಹೊತ್ತಿನ ಮೇಲೆ ಅವನು.

"ಏನೇ ನಿಂದು?"

"ಅವನು ಇಳಿಯಲ್ಲ ಧಣಿ."

"ಬದುಕೋದು ಸಾಯೋದು ದೇವರ ಚಿತ್ತ ಕಣೇ. ನಿನ್ ಕೈಲಿದೆಯಾ?"

"ಕೇಳಿದೀನಿ. ಅವನ ಮನಸ್ಸಲ್ಲಿ ಹಾಗಿಲ್ವಂತೆ."

"ಯಾರನ್ನೇ ಕೇಳ್ದೆ?"

"ದೇವರನ್ನ."

"ದನದ ರಕ್ತ ಬಳ್ಕೊಂಡಿರೋ ಮುಂಡೆ! ನಿನ್ ಜೊತೆ ಮಾತಾಡ್ತಾನಾ ದೇವರು?"

"ನಿಮ್ಮ ಹತ್ರ ಆಡೋಣ ಅಂದ್ರೆ ನೀವು ಬಾಯೇ ಮುಚ್ಚಲ್ವಲ್ಲ."

ಯಾರೋ ಕಿಸಕ್ಕೆಂದರು. ಧಣಿ ಅವಳ ಕೆನ್ನೆಗೆ ಬಾರಿಸಿದ. ಬಿದ್ದವಳ ಬಾಯಿಗೆ ಬೂಟಿನಿಂದ ಒದ್ದ. ಹಲ್ಲು ಮುರಿದು ರಕ್ತ ಚಿಮ್ಮಿತು, ಕತ್ತಿ ದೂರ ಸಿಡಿಯಿತು. ಮತ್ತೆ ಒದೆಯಲು ಎತ್ತಿದ ಕಾಲನ್ನು ಅವಳು ತಬ್ಬಿ ಎಳೆದಳು. ಧಣಿ ಬೋರಲು ಬಿದ್ದ ಸದ್ದಿಗೆ ಕಾರ್ಖಾನೆಯ ತಗಡೆಲ್ಲ ಗಡಗಡ ಎಂದಿತು. ಅವನ ತಲೆ ಗುಂಡಿಯ ಬಾಯಿಗೆ ಜೋತುಬಿತ್ತು.

ಕತ್ತಿಯಕ್ಕ ಬೆನ್ನೇರಿ ಕೂತು, ಕೂದಲು ಹಿಡಿದು, ಮುಖವನ್ನು ಒಳಕ್ಕೆ ಅದುಮಿದಳು. ಧಣಿಯ ಕಾಲು ನೆಲ ಒದೆಯಿತು, ಗಂಟಲು ಗೊರಗುಟ್ಟಿತು. ಮೇಸ್ತ್ರಿ ಸಲಾಕೆಯಿಂದ ಅವಳ ಭುಜಕ್ಕೆ ಹೊಡೆದ. ಮೂಳೆ ಲಟ್ಟೆಂದಿತು. ಅವಳು ಬಿಡಲಿಲ್ಲ. ಒದೆಯುತ್ತಿದ್ದ ಕಾಲುಗಳು ಮೆತ್ತಗಾಗತೊಡಗಿದವು.

ಅವಳ ಹರಿದ ತುಟಿ ಅಲ್ಲಾಡಿತು. ಯಾರ ಜೊತೆಯೋ ಜಗಳಕ್ಕೆ ನಿಂತವಳಂತೆ "ಇವನೂನಾ?" ಎಂದಳು. ಮತ್ತೆ ಚೀರಿದಳು, "ಇವನೂನಾ? ಇಂಥವನೂನಾ?" ಆಮೇಲೆ ಥೂ ಎಂದು ಉಗಿದು, ಧಣಿಯನ್ನು ಕೂದಲು ಹಿಡಿದೇ ಎಳೆದು ಆಚೆ ಕೆಡವಿದಳು.

"ನಿನ್ನನ್ನೂ ಇದರಲ್ಲಿ ಸಾಯಿಸ್ಬಾರ್ದಂತೆ. ದೇವರಿಗೆ ಇಷ್ಟ ಇಲ್ಲ. ನನಗಿತ್ತು ಕಣೋ, ಸೂಳೆಮಗನೆ!"

ಒಂದೇ ಕೈಯಲ್ಲಿ ಮುಚ್ಚಳ ಎಳೆದು ಗುಂಡಿ ಮುಚ್ಚಿ ಮೇಲೆ ಕೂತಳು. ಇನ್ನೊಂದು ಕೈ ಬಟ್ಟೆ ಒಣಹಾಕಿದಂತೆ ಜೋತಾಡುತ್ತಿತ್ತು. ಧಣಿ ವಾಂತಿ ಮಾಡಿಕೊಳ್ಳುತ್ತಲೇ ಮೇಸ್ತ್ರಿಯ ಕಡೆ ಕೈ ಬೀಸಿದ. ಹೊಡಿ ಎಂದನೋ, ಬಿಡು ಎಂದನೋ, ಮೇಸ್ತ್ರಿಗೆ ತಿಳಿಯಲಿಲ್ಲ. ತಿಳಿಯದೆಯೇ ಸಲಾಕೆ ಎತ್ತಿದ.

ಅಳಿಯ ಬಂದು ಮುಚ್ಚಳದ ಅಂಚಿಗೆ ಕುಂಡೆ ಊರಿದ.

"ಸ್ವಲ್ಪ ಸರ್ಕೊಳ್ಳಿ ಅತ್ತೆ."