ಗುರುತ್ವದ ಪರೀಕ್ಷೆ

ಕಾಟ್ಟಿಕುಳಂ ವಾಚನಶಾಲೆಯ ಗೋಡೆಯ ಮೇಲಿದ್ದ ಮಲಯಾಳ ನೋಟೀಸನ್ನು ನಿವೃತ್ತ ಮೇಷ್ಟರು ಚಂದ್ರಪ್ರಭ ಎರಡು ಸಲ ಓದಿದರು. ‘ಗುರುತ್ವ ಪರೀಕ್ಷೆ: ನ್ಯೂಟ್ರಾನ್ ತಾರೆಗಳು, ಕಪ್ಪು ಕುಳಿಗಳು. ಭಾಷಣ: ಡಾ. ಅನುಷಾ.’ ಅನುಷಾ ಅವರದೇ ಶಿಷ್ಯೆ. ಮಲಯಾಳದಲ್ಲಿ ಗುರುತ್ವ ಎಂದರೆ ಗುರುಹಿರಿಯರ ಮೇಲಿನ ಭಕ್ತಿಯೂ ಹೌದು. ಭಾಷಣದಲ್ಲಿ ತಮ್ಮ ಮಾತೇ ಬಂದೀತೆಂದು ಮೇಷ್ಟರು ಅಂಜಿದರು.

ಕಾರಣವಿತ್ತು. ವಿಜ್ಞಾನಕ್ಕೆ ಮೇಷ್ಟರಿಲ್ಲದ ಒಂದು ವರ್ಷ ಏಳನೇ ಕ್ಲಾಸಿಗೆ ಇವರೇ ಪಾಠ ಮಾಡಿದ್ದರು. ದೊಡ್ಡ ಕಲ್ಲು, ಸಣ್ಣ ಕಲ್ಲು, ಯಾವುದು ಮೊದಲು ಬೀಳುತ್ತದೆ? ‘ಎರಡೂ ಒಟ್ಟಿಗೆ’ ಎಂದು ಬರೆದ ಹುಡುಗಿಗೆ ಸೊನ್ನೆ ಕೊಟ್ಟು, ಎದ್ದು ನಿಲ್ಲಿಸಿ ಬೈದಿದ್ದರು. ತಪ್ಪು ತಮ್ಮದೇ ಎಂದು ತಿಳಿಯುವಷ್ಟರಲ್ಲಿ ಮಕ್ಕಳು ಶಾಲೆ ದಾಟಿ ಹೋಗಿದ್ದರು. ಆ ಹುಡುಗಿ ಅನುಷಾಳೇ ಎಂದು ಇಷ್ಟು ವರ್ಷ ನಂಬಿದ್ದರು.

ಭಾಷಣದಲ್ಲಿ ಅವಳು ಭಕ್ತಿಯ ಮಾತನ್ನೇ ಎತ್ತಲಿಲ್ಲ. ಎರಡು ಕಪ್ಪು ಕುಳಿಗಳು ಡಿಕ್ಕಿಯಾದಾಗ ಆಕಾಶವೇ ಅದುರುವುದನ್ನು ಅಳೆದು, ಗುರುತ್ವಾಕರ್ಷಣೆಯ ಸಿದ್ಧಾಂತವನ್ನು ಒರೆಗೆ ಹಚ್ಚುತ್ತಾರಂತೆ. ಒಂದು ಪಟ್ಟಣದಷ್ಟೇ ಅಗಲವಿದ್ದರೂ ಸೂರ್ಯನಿಗಿಂತ ಭಾರವಾದ ನ್ಯೂಟ್ರಾನ್ ತಾರೆಯೊಂದು, ಹಗುರವಾದ ಜೊತೆಗಾರ ತಾರೆಯೊಡನೆ, ಮೂರನೆಯದೊಂದರ ಕಡೆಗೆ ಸುತ್ತುತ್ತ ಬೀಳುತ್ತಲೇ ಇದೆಯಂತೆ. ಎರಡೂ ಒಂದೇ ಬಗೆಯಲ್ಲಿ ಬೀಳುತ್ತವೆಯೇ ಎಂದು ವರ್ಷಗಟ್ಟಲೆ ನೋಡಿದ್ದಾರೆ, ಈತನಕ ವ್ಯತ್ಯಾಸ ಕಂಡಿಲ್ಲ, ಕಂಡರೆ ಇನ್ನೂ ಖುಷಿ ಎಂದಳು. ಸರಿಯಿದ್ದದ್ದು ತಪ್ಪಾಗಲೆಂದು ಯಾರಾದರೂ ಕಾಯುತ್ತಾರೆಯೇ? ಚಂದ್ರಪ್ರಭರಿಗೆ ತಲೆಬುಡ ಅರ್ಥವಾಗಲಿಲ್ಲ.

ಜನ ಚದುರಿದ ಮೇಲೆ ಹತ್ತಿರ ಹೋಗಿ, ಸೊನ್ನೆಯ ಕಥೆ ಹೇಳಿ ಕ್ಷಮೆ ಕೇಳಿದರು. ಅನುಷಾ ಪಿಳಿಪಿಳಿ ನೋಡಿದಳು.

“ಅದು ನಾನಲ್ಲ ಮಾಷೆ. ನಂಗೆ ಆ ವರ್ಷ ಪೂರ್ತಿ ಮಾರ್ಕು ಬಂದಿತ್ತು. ಗೀತಾಂಜಲಿ ಇರ್ಬೋದು. ಅವಳು ಆ ವರ್ಷವೇ ಶಾಲೆ ಬಿಟ್ಟಳಲ್ಲ.”

ಪೂರ್ತಿ ಮಾರ್ಕು ಎಂದರೆ ಅವಳು ಬರೆದದ್ದೂ ತಪ್ಪು ಉತ್ತರವೇ? ಗೀತಾಂಜಲಿ ಶಾಲೆ ಬಿಟ್ಟ ಮಾತು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಮರುದಿನ ಬೆಳಿಗ್ಗೆ ಅವರು ಬಸ್ ಸ್ಟ್ಯಾಂಡಿನ ಎದುರಿಗಿದ್ದ ಗೀತಾಂಜಲಿಯ ಹೊಲಿಗೆ ಅಂಗಡಿಗೆ ಹೋದರು. ಅವಳು ಮೆಷಿನ್ ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು. ಶಾಲೆ ಬಿಟ್ಟದ್ದು ಅಪ್ಪ ಹಾಸಿಗೆ ಹಿಡಿದದ್ದಕ್ಕೆ, ಸೊನ್ನೆ ತನಗೆ ಬಂದೇ ಇರಲಿಲ್ಲ ಎಂದಳು.

“ನಾನು ದೊಡ್ಡದೇ ಮೊದಲು ಅಂತ ಬರ್ದಿದ್ದೆ ಮಾಷೆ, ನೀವು ಹೇಳಿಕೊಟ್ಟ ಹಾಗೇ. ಅದು ತಪ್ಪಾ?”

“ತಪ್ಪು. ಎರಡೂ ಒಟ್ಟಿಗೇ ಬೀಳೋದು.”

ಅವಳಿಗೆ ನಂಬಿಕೆ ಬರಲಿಲ್ಲ. ಚಂದ್ರಪ್ರಭ ಒಂದು ಕೈಯಲ್ಲಿ ಅವಳ ಕತ್ತರಿ, ಇನ್ನೊಂದರಲ್ಲಿ ನೂಲಿನ ಉಂಡೆ ಹಿಡಿದು ಒಟ್ಟಿಗೇ ಬಿಟ್ಟರು. ಕತ್ತರಿಯ ಸದ್ದಷ್ಟೇ ಕೇಳಿಸಿತು. ಕತ್ತರಿಯೇ ಮೊದಲು ಬಿದ್ದ ಹಾಗಿತ್ತು ಎಂದಳು ಗೀತಾಂಜಲಿ. ಅವರಿಗೂ ಹಾಗೇ ಅನ್ನಿಸಿತ್ತು. ಎರಡನ್ನೂ ಹೆಕ್ಕಿಕೊಳ್ಳುತ್ತ, ಆ ಕ್ಲಾಸಿನಲ್ಲಿ ಇನ್ನು ಯಾರ್‍ಯಾರಿದ್ದರೆಂದು ಒಂದೊಂದೇ ಹೆಸರು ಕೇಳತೊಡಗಿದರು.