ಪಿಯುಸಿ ಫೇಲಾದ ಇಂಗ್ಲಿಷ್ ಮೇಷ್ಟ್ರು

ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳು ನಾನು. ಪಿಯುಸಿ ಎರಡು ಸಲ ಫೇಲಾದವರು ನಮ್ಮೆಜಮಾನರು. ಇಂಗ್ಲಿಷ್ ಪಾಠ ಹೇಳಲು ಹೊರದೇಶಕ್ಕೆ ಹೋದದ್ದು ಮಾತ್ರ ಅವರು.

ನನಗೆ ವ್ಯಾಕರಣ ಗೊತ್ತು. ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಅದನ್ನೇ ಬೋರ್ಡಿನ ಮೇಲೆ ಬರೆದು ಅಳಿಸುತ್ತಿದ್ದೇನೆ. ಆದರೆ ಎದುರಿಗೆ ಒಬ್ಬ ಹೊರದೇಶದವನು ಬಂದು ನಿಂತರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಇವರು ಇಪ್ಪತ್ತೆರಡು ವರ್ಷ ನೂರು ರೂಮಿನ ಹೋಟೆಲಿನ ರಿಸೆಪ್ಷನ್ನಿನಲ್ಲಿ ನಿಂತವರು. ಬಿಸಿನೀರು ಬರಲಿಲ್ಲವೆಂದು ಕೂಗಾಡುತ್ತ ಬಂದವನನ್ನು ಎರಡೇ ನಿಮಿಷದಲ್ಲಿ ನಗಿಸಿ ರೂಮಿಗೆ ಕಳಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು.

ಆ ಹೋಟೆಲು ಮುಚ್ಚಿತು. ಎರಡು ವರ್ಷ ಮನೆಯಲ್ಲೇ ಕೂತರು. ಅರ್ಜಿ ತುಂಬುವಾಗ 'ವಿದ್ಯಾರ್ಹತೆ' ಅನ್ನುವ ಕಡೆ ಬಂದರೆ ಸಾಕು, ಪೆನ್ನು ಕೆಳಗಿಟ್ಟು ಎದ್ದು ಹೋಗುತ್ತಿದ್ದರು. ಹೀಗಿರುವಾಗ ಒಂದು ಫೋನು ಬಂತು. ಪ್ರತಿ ವರ್ಷ ಹೋಟೆಲಿಗೆ ಬಂದು ಇಳಿದುಕೊಳ್ಳುತ್ತಿದ್ದ ಹೆಂಗಸೊಬ್ಬರು ತಮ್ಮ ದೇಶದಲ್ಲಿ ಹೋಟೆಲ್ ಕೆಲಸಗಾರರಿಗೆ ಇಂಗ್ಲಿಷ್ ಕಲಿಸುವ ಶಾಲೆ ತೆರೆದಿದ್ದರು. "ಪುಸ್ತಕ ಓದಿಸೋ ಮೇಷ್ಟ್ರು ಬೇಡ, ನೀವೇ ಬೇಕು" ಅಂದರಂತೆ. ದೂರ ಅಂದರೂ ಏಷ್ಯಾ ಬಿಟ್ಟು ಹೊರಗಲ್ಲ, ನಾಲ್ಕು ಗಂಟೆಯ ವಿಮಾನ. ಮೂರು ತಿಂಗಳ ತಾತ್ಕಾಲಿಕ ಪರವಾನಗಿ ಹಿಡಿದು ಹೊರಟರು.

ಅವರ ಪಾಠವನ್ನು ನಾನು ಫೋನಿನಲ್ಲಿ ನೋಡಿದ್ದೇನೆ. ಎರಡು ಮೇಜು ಜೋಡಿಸಿದರೆ ಕೌಂಟರ್. ಇವರು ಸೂಟ್‌ಕೇಸ್ ಎಳೆದುಕೊಂಡು ಸಿಡಿಮಿಡಿ ಮಾಡುತ್ತ ಬಾಗಿಲಿನಿಂದ ಬರುತ್ತಾರೆ. ಫ್ಯಾನು ಕಿರುಗುಟ್ಟುತ್ತದೆ, ದಿಂಬು ಕಲ್ಲಿನ ಹಾಗಿದೆ, ಇದೆಂಥ ಹೋಟೆಲು! ಕೌಂಟರಿನ ಹಿಂದೆ ನಿಂತ ಅಡುಗೆಯವನೋ ರೂಮು ಗುಡಿಸುವವಳೋ ಉತ್ತರ ಕೊಡಬೇಕು. ತಪ್ಪಾದರೂ ಚಿಂತೆಯಿಲ್ಲ, ಬಾಯಿ ಬಿಡಬೇಕು. ಮೊದಲ ವಾರವೆಲ್ಲ ಮುದುಡಿ ಕೂತಿದ್ದ ಒಬ್ಬ ಹೆಂಗಸು ಒಂದು ದಿನ, "ದಿಂಬು ಬದಲಾಯಿಸ್ತೀನಿ ಸಾರ್, ಮೊದಲು ನೀವು ಕೂಗೋದು ನಿಲ್ಲಿಸಿ" ಎಂದು ಇಂಗ್ಲಿಷಿನಲ್ಲೇ ದಬಾಯಿಸಿದಳು. ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ಇವರಂತೂ ಅದನ್ನು ನನಗೆ ಮೂರು ಸಲ ಹೇಳಿದರು.

ಹನ್ನೊಂದನೇ ವಾರ ಫೋನಿನಲ್ಲಿ ಅವರ ದನಿ ಇಳಿದುಹೋಗಿತ್ತು.

"ಪರವಾನಗಿ ಆಫೀಸಿಗೆ ಕರೆದಿದ್ರು ಕಣೇ. ಮುಂದುವರಿಸಬೇಕು ಅಂದ್ರೆ ಡಿಗ್ರಿ ಸರ್ಟಿಫಿಕೇಟ್ ಕೊಡಿ ಅಂದ್ರು."

"ಏನಂದ್ರಿ?"

"ಇಲ್ಲ ಅಂದೆ, ಇನ್ನೇನನ್ಲಿ? ಹತ್ತು ವರ್ಷಕ್ಕಿಂತ ಹೆಚ್ಚು ಇಂಗ್ಲಿಷಲ್ಲೇ ಕೆಲಸ ಮಾಡಿದೀನಿ ಅಂತ ಹಳೇ ಮ್ಯಾನೇಜರ್ ಬರೆದು ಕೊಟ್ರೂ ಆಗುತ್ತಂತೆ. ಹತ್ತು ದಿನ ಟೈಮಿದೆ. ಇಲ್ಲಾಂದ್ರೆ ಗಂಟುಮೂಟೆ ಕಟ್ಟೋದೇ. ಇಲ್ಲೊಬ್ಬ ಮೇಷ್ಟ್ರು, ದುಡ್ಡು ಕೊಟ್ರೆ ಡಿಗ್ರಿ ಮಾಡಿಸಿಕೊಡೋರು ನನಗೆ ಗೊತ್ತು ಅಂದ..."

"ರೀ!"

"ಬೇಡ ಅಂದೆ ಬಿಡು. ಅದೇ ಮಾಡೋದಾಗಿದ್ರೆ ಮೂವತ್ತು ವರ್ಷದ ಹಿಂದೇನೇ ಮಾಡ್ತಿದ್ದೆ."

ಮ್ಯಾನೇಜರ್ ಅಂದ ಕೂಡಲೇ ನನಗೆ ಹಳೆಯದೆಲ್ಲ ನೆನಪಾಗಿತ್ತು. ಹೋಟೆಲು ಮುಚ್ಚಿದ ದಿನ ಅವರು ಮೈಕಿನ ಮುಂದೆ ನಿಂತು, "ಮೈ ಡಿಯರ್ ಸ್ಟಾಫ್ಸ್" ಎಂದು ಭಾಷಣ ಶುರು ಮಾಡಿದ್ದರು. ಪಕ್ಕದಲ್ಲಿದ್ದ ಇವರು, ಹಾಳು ಚಟ ನೋಡಿ, "ಸ್ಟಾಫ್, ಸಾರ್" ಅಂದುಬಿಟ್ಟರು. ಅಂದದ್ದು ಪಿಸುಮಾತಿನಲ್ಲೇ, ಆದರೆ ಮೈಕು ಅದನ್ನು ಹಾಲಿನ ಮೂಲೆ ಮೂಲೆಗೂ ಮುಟ್ಟಿಸಿತು. ಎಲ್ಲರೂ ಗೊಳ್ಳೆಂದರು. ಮ್ಯಾನೇಜರ್ ಭಾಷಣ ಅಲ್ಲಿಗೇ ಬಿಟ್ಟು ಇಳಿದು ಹೋದರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

"ಯಾವ ಮುಖ ಇಟ್ಕೊಂಡು ಅವರನ್ನ ಕೇಳ್ಲಿ?" ಅಂದರು ಇವರು.

"ನನ್ನ ಮುಖ ಇದೆಯಲ್ಲ, ನಾನು ಹೋಗ್ತೀನಿ" ಅಂದೆ.

ಮ್ಯಾನೇಜರ್ ಈಗ ಅಳಿಯನ ಕನ್ನಡಕದ ಅಂಗಡಿ ನೋಡಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಮರೆತುಹೋಯಿತು. "ಸಾರ್, ನಾನು ರಿಸೆಪ್ಷನ್ನಲ್ಲಿದ್ರಲ್ಲ, ಅವರ..." ಅಂದೆ.

"ಗೊತ್ತಮ್ಮ. ಕೂತ್ಕೊಳ್ಳಿ."

ಮೂರು ಗಿರಾಕಿಗಳು ಬಂದು ಹೋದರು. ಗೋಡೆಗೆ ನೇತುಹಾಕಿದ್ದ ಕಣ್ಣು ಪರೀಕ್ಷೆಯ ಅಕ್ಷರಗಳನ್ನು ನಾನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿಕೊಂಡು ಕೂತಿದ್ದೆ. ಕೊನೆಗೆ ಬಾಯಿ ಬಿಟ್ಟು ಎಲ್ಲ ಹೇಳಿದೆ. ಅವರು ಬಟ್ಟೆಯಿಂದ ಗಾಜು ಒರೆಸುತ್ತ ಕೇಳಿದರು.

"ಎರಡು ವರ್ಷದ ಮೇಲಾಯ್ತು. ಒಂದು ಫೋನ್ ಮಾಡಿದ್ರಾ ನಿಮ್ಮೆಜಮಾನ್ರು?"

"ನಿಮಗೆ ಕೋಪ ಅಂತ ಹೆದರಿಬಿಟ್ರು ಸಾರ್."

"ಇತ್ತು. ಎಂಟು ದಿನ ಇತ್ತು. ಆಮೇಲೆ ಕೋಪ ಮಾಡ್ಕೊಳ್ಳೋಣ ಅಂದ್ರೂ ಎದುರಿಗೆ ಯಾರಿದಾರೆ? ಬರೀ ಕನ್ನಡಕ."

ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಅವರು ನೋಡದವರಂತೆ, "ಹೋಟೆಲಿನ ಹೆಸರು ಅಚ್ಚಾದ ಹಾಳೆ ಮನೇಲಿ ನಾಲ್ಕಾರು ಉಳಿದಿವೆ. ಸೋಮವಾರ ಬನ್ನಿ" ಅಂದರು.

ಸೋಮವಾರ ಪತ್ರ ಸಿದ್ಧವಾಗಿತ್ತು, ನೋಟರಿಯ ಮೊಹರಿನ ಸಮೇತ. ಕೊನೆಯ ಸಾಲುಗಳನ್ನು ನಾನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಇಪ್ಪತ್ತೆರಡು ವರ್ಷದಲ್ಲಿ ನಮ್ಮಲ್ಲಿ ಮೂವತ್ತನಾಲ್ಕು ಜನ ಇವರ ಪಕ್ಕ ನಿಂತೇ ಇಂಗ್ಲಿಷ್ ಮಾತಾಡಲು ಕಲಿತರು. ಮೂವತ್ತೈದನೆಯವನು ನಾನು.

"ತಪ್ಪಿದ್ರೆ ಹೇಳಿ, ಎಂ.ಎ. ಮೇಡಂ" ಅಂದರು.

"ಒಂದೂ ಇಲ್ಲ ಸಾರ್." ನಿಜಕ್ಕೂ ಇರಲಿಲ್ಲ.

ಅವತ್ತೇ ಕೊರಿಯರ್ ಮಾಡಿದೆ. ಹತ್ತು ದಿನದ ಗಡುವಿನಲ್ಲಿ ಒಂಬತ್ತನೇ ದಿನ ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಫೋನು ಬಂತು.

"ಆಯ್ತು ಕಣೇ!"

"ಏನಾಯ್ತು? ಬಿಡಿಸಿ ಹೇಳ್ರೀ, ಜೀವ ಬಾಯಿಗೆ ಬಂದಿದೆ ಇಲ್ಲಿ."

"ಎರಡು ವರ್ಷಕ್ಕೆ ಕೊಟ್ರು. ಆ ಆಫೀಸರಮ್ಮ ಪತ್ರ ಎರಡು ಸಲ ಓದಿದ್ರು, ನನ್ನ ಮುಖ ನೋಡಿದ್ರು, ಟಪ್ ಅಂತ ಮೊಹರು ಹಾಕಿದ್ರು. ಆಫೀಸಿನ ಮೆಟ್ಟಿಲ ಮೇಲೇ ಕೂತುಬಿಟ್ಟಿದೀನಿ ನೋಡು."

"ಕೂತಿರಿ, ಏಳ್ಬೇಡಿ. ಮೊದಲು ಮ್ಯಾನೇಜರ್‌ಗೆ ಫೋನ್ ಮಾಡಿ."

"ಮಾಡ್ದೆ. ನಿನಗಿಂತ ಮುಂಚೆ ಅವರಿಗೇ ಮಾಡ್ದೆ. ಬೇಜಾರಾಯ್ತಾ?"

ಬೇಜಾರು ಎಲ್ಲಿಂದ ಆಗಬೇಕು? ಎಷ್ಟೋ ದಿನದ ಮೇಲೆ ತುಂಬು ಉಸಿರು ಎಳೆದುಕೊಂಡೆ. ಗಂಟೆ ಹೊಡೆಯಿತು. ಎಂಟನೇ ಕ್ಲಾಸಿಗೆ ಹೋಗಿ ಹಾಜರಿ ಕರೆದು ಮಕ್ಕಳನ್ನೆಲ್ಲ ಆಟಕ್ಕೆ ಬಿಟ್ಟೆ. ಅವರು ಹೋ ಎಂದು ಮೈದಾನಕ್ಕೆ ಓಡಿದರು. ನನಗೆ ಹಸಿವಾಯಿತು. ಬೆಳಿಗ್ಗೆ ಕಟ್ಟಿಕೊಂಡು ಬಂದು ಮುಟ್ಟದೇ ಇಟ್ಟಿದ್ದ ಡಬ್ಬಿ ತಂದು, ಮರದ ಕೆಳಗೆ ಕೂತು, ಒಂದಗುಳೂ ಬಿಡದೆ ಊಟ ಮಾಡಿದೆ.