ರೋಲಂಡ್ ಕ್ರೂಗರನ ನಾಲಿಗೆ

ಮಿಲ್ವಾಕಿಯಲ್ಲಿ ಎಲ್ಲಿ ಏನು ತಿನ್ನಬೇಕು ಎನ್ನುವುದನ್ನು ಜನ ರೋಲಂಡ್ ಕ್ರೂಗರನಿಂದ ತಿಳಿದುಕೊಳ್ಳುತ್ತಿದ್ದರು. ಬುಧವಾರದ ಪತ್ರಿಕೆ ಬಂದರೆ ಮೊದಲು ಅವನ ಅಂಕಣ, ಆಮೇಲೆ ಸಾವಿನ ಸುದ್ದಿ. ಯಾವ ಅಂಗಡಿಯ ಕಸ್ಟರ್ಡು ಗಟ್ಟಿ, ಬಾತುಕೋಳಿ ರಕ್ತದ ಸಾರನ್ನು ಇನ್ನೂ ಯಾವ ಪೋಲಿಷ್ ಅಡುಗೆಮನೆಯಲ್ಲಿ ಮಾಡುತ್ತಾರೆ, ಕ್ರಿಸ್‌ಮಸ್ ಹೊತ್ತಿಗೆ ರೈ ಬ್ರೆಡ್ಡಿನ ಮೇಲೆ ಹಸಿ ಮಾಂಸ, ಈರುಳ್ಳಿ ಇಟ್ಟುಕೊಡುವ ಕಟುಕರಲ್ಲಿ ಯಾರನ್ನು ನಂಬಬಹುದು, ಎಲ್ಲ ಅವನೇ ಹೇಳಬೇಕು. ಶುಕ್ರವಾರದ ಮೀನಿನ ವಿಷಯ ಬಂದಾಗ ಮಾತ್ರ ಅವನೂ ಅಳೆದು ತೂಗಿ ಬರೆಯುತ್ತಿದ್ದ. ನಮ್ಮೂರಿನಲ್ಲಿ ಶುಕ್ರವಾರ ಸಂಜೆ ಯಾವ ಬಾರಿನ ಮೀನು ಒಳ್ಳೆಯದು ಎಂಬುದರ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು.

ಅಂಥವನು ಒಂದು ಚಳಿಗಾಲ ಮನೆ ಮುಂದಿನ ಹಿಮ ತೆಗೆಯಲು ಹೋಗಿ ಜಾರಿಬಿದ್ದ. ಮೆಟ್ಟಿಲಿನ ಅಂಚು ತಲೆಯ ಹಿಂಭಾಗಕ್ಕೆ ಬಡಿಯಿತು. ಗಾಯ ಬೇಗ ಮಾಯಿತು. ಆಸ್ಪತ್ರೆಯ ಸೂಪು ಬರೀ ಬಿಸಿನೀರು ಎಂದು ಅವನು ಗೊಣಗಿದಾಗ ದಾದಿಯರು ನಕ್ಕರು. ಮನೆಗೆ ಬಂದ ಮೇಲೆ ಹೆಂಡತಿ ಆರ್ಡಿಸ್ ಮಾಡಿದ ಸೂಪೂ ಬಿಸಿನೀರಾಗಿತ್ತು. ಉಪ್ಪು, ಸಿಹಿ, ಹುಳಿ, ಕಹಿ ನಾಲಿಗೆಗೆ ತಿಳಿಯುತ್ತಿತ್ತು, ಅದರಾಚೆ ಏನೂ ಇಲ್ಲ. ವಾಸನೆಯ ನರ ಕಡಿದುಹೋಗಿದೆ, ಮತ್ತೆ ಬಂದರೂ ಬರಬಹುದು ಎಂದರು ಡಾಕ್ಟರು. ಬರಲಿಲ್ಲ.

ಪತ್ರಿಕೆಯಲ್ಲಿ ಅವನ ಅಂಕಣದ ಮೇಲೆ ಕಣ್ಣಿಟ್ಟವರು ಇದ್ದರು. ಸುದ್ದಿ ಹೊರಬಿದ್ದರೆ ಅದೇ ವಾರ ಬೇರೆಯವರ ಹೆಸರು ಬೀಳುತ್ತಿತ್ತು. ರೋಲಂಡ್ ಒಂದು ಮಧ್ಯಾಹ್ನವೆಲ್ಲ ಅಡುಗೆಮನೆಯ ಕುರ್ಚಿಯಲ್ಲಿ ಕಾಫಿಪುಡಿಯ ಡಬ್ಬಿ ಮೂಸುತ್ತಾ ಕೂತಿದ್ದ. ಆರ್ಡಿಸ್ ಅದನ್ನು ಅವನ ಕೈಯಿಂದ ತೆಗೆದಿಟ್ಟಳು.

"ನನ್ನ ನಾಲಿಗೆ ಇದೆಯಲ್ಲ," ಎಂದಳು.

ಆರ್ಡಿಸ್ ಊರಿನ ದಕ್ಷಿಣ ಭಾಗದವಳು, ಚರ್ಮದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಲಿಯೋನ ಮಗಳು. ಅಪ್ಪನ ಅಂಗಿಗೆ ಅಂಟಿದ ವಾಸನೆಯಿಂದಲೇ ಇವತ್ತು ದನದ ತೊಗಲೋ ಕುರಿಯದೋ ಎಂದು ಹೇಳುತ್ತಿದ್ದಳಂತೆ. ಗಂಡನ ಜೊತೆ ಅವಳು ಮೊದಲೂ ಊಟಕ್ಕೆ ಹೋಗುತ್ತಿದ್ದಳು, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅವನ ತಟ್ಟೆಯಿಂದ ಒಂದೊಂದು ತುತ್ತು ತೆಗೆದುಕೊಳ್ಳುವಳು. ಊಟ ಮುಗಿಸಿ ಕಾರಿನಲ್ಲಿ ಕೂತ ಮೇಲೆ ರೋಲಂಡ್ ಬೀಗದಕೈ ತಿರುಗಿಸದೆ, "ಹೇಳು," ಎನ್ನುವನು.

ಅವಳು ಹೇಳುತ್ತಿದ್ದಳು. ಈರುಳ್ಳಿಯನ್ನು ಅವಸರದಲ್ಲಿ ಹುರಿದಿದ್ದಾರೆ, ಒಳಗಿನ ಹಸಿ ಸಿಟ್ಟು ಹಾಗೇ ಉಳಿದಿದೆ. ಸಾಸೇಜು ಮಾಡಿದವನಿಗೆ ಜೀರಿಗೆ ಇಷ್ಟ, ಆದರೆ ಅವನ ಹೆಂಡತಿಗೆ ಇಷ್ಟವಿಲ್ಲ, ಇಬ್ಬರೂ ರಾಜಿಯಾಗಿ ಇದನ್ನು ಮಾಡಿದ್ದಾರೆ. ಹೀಗೆ. ಅವನು ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು ಅವಳ ಮಾತನ್ನು ಬಿಡದೆ ಬರೆದುಕೊಳ್ಳುತ್ತಿದ್ದ. ಕಿಟಕಿಯ ಗಾಜು ಇಬ್ಬರ ಉಸಿರಿಗೆ ಮಸುಕಾಗುತ್ತಿತ್ತು. ಮದುವೆಯಾದಾಗಿನಿಂದ ಅವನು ತನ್ನ ಮಾತನ್ನು ಇಷ್ಟು ಹೊತ್ತು ಕೇಳಿದ್ದೇ ಇಲ್ಲವೆಂದು ಆರ್ಡಿಸಳಿಗೆ ಅನ್ನಿಸಿತ್ತು. ಆ ಮೊದಲ ವರ್ಷ ಅವಳು ಸುಖವಾಗಿಯೇ ಇದ್ದಳು.

ಓದುಗರ ಕಾಗದಗಳು ಹೆಚ್ಚಾದವು. ಈಚೆಗೆ ನಿಮ್ಮ ಬರಹಕ್ಕೆ ಜೀವ ಬಂದಿದೆ ಎಂದು ಬರೆದರು. ರೋಲಂಡ್ ಮೊದಮೊದಲು ಅವನ್ನು ಹೆಂಡತಿಗೆ ಓದಿ ಹೇಳುತ್ತಿದ್ದ. ಆಮೇಲಾಮೇಲೆ ತಾನೇ ಓದಿಕೊಂಡು ಜೇಬಿಗಿಡುತ್ತಿದ್ದ. ಅವಳು ಹೇಳುವಾಗ ನಡುವೆ ಬಾಯಿ ಹಾಕಿ, ನನಗೂ ಹಾಗೇ ಅನ್ನಿಸಿತು ಎನ್ನಲು ಶುರುಮಾಡಿದ. ಏನನ್ನಿಸಿತು ಎಂದು ಅವಳು ಒಮ್ಮೆ ಕೇಳಿದ್ದಕ್ಕೆ, ಅನುಭವ ಇದ್ದವನಿಗೆ ನೋಡಿದರೇ ತಿಳಿಯುತ್ತದೆ ಎಂದು ಮುಖ ಗಂಟಿಕ್ಕಿಕೊಂಡ.

ಹೋಟೆಲಿನವರ ಸಂಘ ಅವನಿಗೊಂದು ಸನ್ಮಾನ ಇಟ್ಟುಕೊಂಡಿತು. ಸರೋವರದ ದಡದಲ್ಲಿ ಆಗತಾನೇ ದೊಡ್ಡದೊಂದು ಹೋಟೆಲು ತೆರೆದಿದ್ದ ಯಜಮಾನ ಅದೇ ಮೇಜಿನಲ್ಲಿದ್ದ. ಮರ್ಯಾದಸ್ಥ. ಹೆಂಗಸರನ್ನೂ ಮಾತಿಗೆಳೆಯಬೇಕೆಂದು ಆರ್ಡಿಸಳ ಕಡೆ ತಿರುಗಿ, ಈ ಊರಿನಲ್ಲಿ ನಿಮಗೆ ಬಹಳ ಹಿಡಿಸಿದ ಊಟ ಯಾವ ಕಡೆಯದು ಎಂದು ಕೇಳಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ರೋಲಂಡ್ ಅವಳ ಹೆಗಲ ಮೇಲೆ ಕೈಯಿಟ್ಟ.

"ಇವಳನ್ನ ಕೇಳಬೇಡಿ ಸ್ವಾಮಿ. ಕೆಚಪ್ ಸುರಿದು ಕೊಟ್ರೆ ಇವಳು ರಟ್ಟೂ ತಿಂತಾಳೆ."

ಮೇಜಿನವರೆಲ್ಲ ನಕ್ಕರು. ಆರ್ಡಿಸಳೂ ನಕ್ಕಳು. ನಕ್ಕದ್ದಕ್ಕೇ ಅವಳಿಗೆ ಆಮೇಲೆ ಮೈ ಉರಿಯಿತು. ಕಾರಿನಲ್ಲಿ ರೋಲಂಡ್, ಅದು ತಮಾಷೆಗೆ ಹೇಳಿದ್ದು, ಯಾರಿಗೂ ಅನುಮಾನ ಬರಬಾರದಲ್ಲ ಎಂದ. ಆ ಮಾತಿನಲ್ಲಿ ತಪ್ಪು ಹುಡುಕುವುದಕ್ಕೂ ಆಗುವಂತಿರಲಿಲ್ಲ.

ಆ ಶುಕ್ರವಾರ ಅವರು ಹೋದದ್ದು ಬರ್ನೀಸ್ ಪವ್ಲಾಕಳ ಬಾರಿಗೆ. ಲಿಂಕನ್ ಅವೆನ್ಯೂ ಹಿಂದಿನ ಮೂಲೆಯಲ್ಲಿ ಕೆಳಗೆ ಬಾರು, ಮೇಲೆ ಅವಳ ಮನೆ. ಗಂಡ ಸತ್ತ ಮೇಲೂ ಬರ್ನೀಸ್ ತಾನೇ ಬಾಣಲೆಯ ಮುಂದೆ ನಿಂತು ಮೀನು ಕರಿಯುತ್ತಿದ್ದಳು. ಸರೋವರದ ಪರ್ಚ್ ಮೀನು, ಬಿಯರಿನಲ್ಲಿ ಕಲಸಿದ ಹಿಟ್ಟು, ಕರಿಯಲು ಹಂದಿಕೊಬ್ಬು. ಪಕ್ಕದಲ್ಲಿ ಅಂಚು ಗರಿಗರಿಯಾದ ಆಲೂಗಡ್ಡೆ ಪ್ಯಾನ್‌ಕೇಕು, ಅರೆದ ಸೇಬು. ಅಪ್ಪನ ತೊಡೆಯ ಮೇಲೆ ಕೂತು ಆರ್ಡಿಸ್ ಮೊದಲ ಬಾರಿಗೆ ಮೀನು ತಿಂದದ್ದೇ ಅಲ್ಲಿ. ಅವತ್ತಿನ ಮೀನೂ ಬಾಯಲ್ಲಿಟ್ಟರೆ ಹಿಟ್ಟು ಮುರಿದು, ಒಳಗಿನ ಬಿಳಿ ಮಾಂಸ ಬೆಣ್ಣೆಯಂತೆ ಸಿಹಿಯಾಗಿ ಬಿಚ್ಚಿಕೊಂಡಿತು. ಅವಳು ತನ್ನ ತಟ್ಟೆ ಮುಗಿಸಿ ಗಂಡನದರಲ್ಲೂ ಅರ್ಧ ತಿಂದಳು.

ಕಾರಿನಲ್ಲಿ ಅವನು, "ಹೇಳು," ಎಂದ.

"ಕೊಬ್ಬು ಮುಗ್ಗಿದೆ," ಎಂದಳು ಆರ್ಡಿಸ್. "ಪ್ಯಾನ್‌ಕೇಕು ಒಳಗೆ ಹಸಿ. ಮೀನು ಕೆಸರು ವಾಸನೆ."

ಬಿಸಿಯಾಗಿದ್ದ ಕೆನ್ನೆಯನ್ನು ಕಿಟಕಿಗೆ ಒತ್ತಿ ಅವಳು ಕಾದಳು. ಬೀಳುವ ಮೊದಲು ಅವನೂ ಅಲ್ಲಿ ಎಷ್ಟೋ ಸಲ ತಿಂದು ಹೊಗಳಿದವನೇ. ಏನು, ಬರ್ನೀಸಳ ಮೀನೇ ಹೀಗೆ ಎಂದು ಒಂದು ಮಾತು ಕೇಳಿದ್ದರೆ ಅವಳು ಎಲ್ಲ ಹೇಳಿ ಅತ್ತುಬಿಡುತ್ತಿದ್ದಳು.

"ಕೆಸರು ಅಂದ್ರೆ ಹೊಳೆ ಕೆಸರೋ, ಕೆರೆ ಕೆಸರೋ?" ಎಂದು ಕೇಳಿದ ರೋಲಂಡ್, ಪೆನ್ನು ಹಿಡಿದುಕೊಂಡು.

"ಕೆರೇದು," ಎಂದಳು.

ಮರುವಾರ ಸರೋವರದ ದಡದ ಹೋಟೆಲು. ಅಲ್ಲಿನ ಮೀನು ಎಲ್ಲಿಂದಲೋ ಹೆಪ್ಪುಗಟ್ಟಿ ಬಂದದ್ದು, ಹಿಟ್ಟು ಮೇಣದ ಹಾಗೆ. ಅವಳು ಬರ್ನೀಸಳ ಮೀನಿಗೆ ಹೇಳಬೇಕಾಗಿದ್ದ ಮಾತನ್ನೆಲ್ಲ ಇದಕ್ಕೆ ಹೇಳಿದಳು. ಈಸ್ಟರಿಗೆ ಮುಂಚೆ ಜನ ಮಾಂಸ ಬಿಟ್ಟು ಮೀನು ತಿನ್ನುವ ಲೆಂಟ್ ವ್ರತ ಶುರುವಾಗುವ ಮುಂಚಿನ ಬುಧವಾರ ಎರಡೂ ಒಂದೇ ಪುಟದಲ್ಲಿ ಅಚ್ಚಾದವು. ಈಗ ಊರೆಲ್ಲ ನಗುತ್ತದೆ ಎಂದುಕೊಂಡಳು ಆರ್ಡಿಸ್. ಕ್ರೂಗರನಿಗೆ ನಾಲಿಗೆ ಸತ್ತಿದೆಯೆ ಎಂದು ದಕ್ಷಿಣ ಭಾಗದ ಅರ್ಧ ಜನ ಪತ್ರಿಕೆಗೆ ಬರೆಯುತ್ತಾರೆ. ಬರ್ನೀಸಳಿಗೆ ಇದರಿಂದ ಏನೂ ಆಗದು, ಅವಳ ಮೀನು ಗೊತ್ತಿಲ್ಲದವರು ಯಾರು?

ಯಾರೂ ನಗಲಿಲ್ಲ. ದಡದ ಹೋಟೆಲಿನ ಮುಂದೆ ಜನ ಚಳಿಗಾಳಿಯಲ್ಲಿ ಸಾಲು ನಿಂತರು. ತಿಂದು ಬಂದವರು ಬಸ್ಸಿನಲ್ಲಿ, ಚರ್ಚಿನ ಮೆಟ್ಟಿಲಲ್ಲಿ, ಆರ್ಡಿಸಳ ಮಾತುಗಳನ್ನೇ ಆಡಿ ಹೊಗಳಿದರು. ಮಾಂಸದಂಗಡಿಯಲ್ಲಿ ಅವಳಿಗೆ ಅಪ್ಪನ ಜೊತೆ ಕೆಲಸ ಮಾಡಿದ್ದ ಅಲೋಯಿಸ್ ಸಿಕ್ಕ. ಪ್ರಾಯದಿಂದಲೂ ಬರ್ನೀಸಳ ಬಾರಿನಲ್ಲೇ ಶುಕ್ರವಾರ ಕಳೆದವನು.

"ನಿನ್ನ ಗಂಡ ಬರೆದಿದ್ದು ಸರಿಯಾಗೇ ಇದೆ ಕಣಮ್ಮ," ಎಂದ. "ನಂಗೂ ಒಂದೆರಡು ವರ್ಷದಿಂದ ಆ ಕೆಸರು ಬರ್ತಿತ್ತು. ಪಾಪ, ಒಂಟಿ ಹೆಂಗಸು ಅಂತ ಬಾಯಿ ಮುಚ್ಕೊಂಡಿದ್ದೆ."

ಆರ್ಡಿಸ್ ಮಾಂಸ ಕಟ್ಟಿಸಿಕೊಳ್ಳದೆ ಹೊರಗೆ ಬಂದಳು.

ಲೆಂಟ್ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಧೈರ್ಯ ಮಾಡಿ ಮೂಲೆಯ ಬಾರಿಗೆ ಹೋದಳು. ವರ್ಷದಲ್ಲಿ ಮೀನಿಗೆ ಹೆಚ್ಚು ಬೇಡಿಕೆಯಿರುವ ಕಾಲ, ಆದರೂ ಕುರ್ಚಿಗಳು ಮೇಜಿನ ಮೇಲೆ ಮಗುಚಿಕೊಂಡಿದ್ದವು. ಬರ್ನೀಸ್ ಅವಳನ್ನು ನೋಡಿ ಕೋಪ ಮಾಡಿಕೊಳ್ಳಲಿಲ್ಲ. ಒಳ್ಳೆಯದೇ ಆಯಿತು, ರುಚಿ ನೋಡು ಎಂದು ಕೂರಿಸಿ ಒಳಗಿನಿಂದ ತಟ್ಟೆ ತಂದಿಟ್ಟಳು. ಹಂದಿಕೊಬ್ಬು ಬಿಟ್ಟು ಮೆಕ್ಕೆಜೋಳದ ಎಣ್ಣೆ ತರಿಸಿದ್ದೇನೆ, ಪರ್ಚ್ ತಂದುಕೊಡುತ್ತಿದ್ದ ದೋಣಿಯವನನ್ನು ಬಿಡಿಸಿ ಕಂಪನಿಯ ಮೀನು ಕೊಳ್ಳುತ್ತಿದ್ದೇನೆ, ಹಿಟ್ಟೂ ಪೊಟ್ಟಣದ್ದು, ಈಗ ಹೇಗಿದೆ ಹೇಳು ಎಂದು ಎದುರು ನಿಂತಳು. ಆರ್ಡಿಸ್ ಒಂದು ತುಂಡು ಬಾಯಿಗಿಟ್ಟಳು. ದಡದ ಹೋಟೆಲಿನ ಮೀನೇ. ಮೇಣ.

ಅವಳು ತಟ್ಟೆ ಸರಿಸಿ ಎಲ್ಲ ಹೇಳಿದಳು. ಗಂಡನ ತಲೆಗೆ ಬಿದ್ದ ಪೆಟ್ಟು, ಕಾರಿನಲ್ಲಿ ಹೇಳಿಕೊಡುತ್ತಿದ್ದದ್ದು, ಆ ರಾತ್ರಿ ಅವನ ಮೇಲಿನ ಸಿಟ್ಟಿಗೆ ಬೇಕೆಂದೇ ಆಡಿದ ಸುಳ್ಳು. ನಿಮ್ಮ ಮೀನಿನಲ್ಲಿ ಏನೂ ಕೆಟ್ಟಿರಲಿಲ್ಲ, ಹಳೆಯದನ್ನೇ ಮಾಡಿ ಎಂದು ಬೇಡಿಕೊಂಡಳು. ಬರ್ನೀಸ್ ಕೈಯನ್ನು ಏಪ್ರನ್ನಿಗೆ ಒರೆಸುತ್ತ ಕೇಳಿಸಿಕೊಂಡಳು.

"ಲಿಯೋ ಮಗಳು ನೀನು. ನಂಗೆ ಬೇಜಾರಾಗಬಾರದು ಅಂತ ಕಥೆ ಕಟ್ಟಿಕೊಂಡು ಬಂದಿದೀಯ."

"ಕಥೆ ಅಲ್ಲ. ನಾನೇ ಹೇಳಿದ್ದು, ಸುಳ್ಳು ಹೇಳಿದ್ದು."

"ಆಯ್ತು, ನೀನು ಹೇಳಿದೆ. ಅಲೋಯಿಸ್ ಯಾಕೆ ಹೇಳ್ದ? ನನ್ನ ತಂಗಿ ಯಾಕೆ ಹೇಳಿದ್ಲು? ಅವರಿಗೂ ನಿನ್ನ ಗಂಡನ ಮೇಲೆ ಸಿಟ್ಟಾ?" ಬರ್ನೀಸ್ ಎದುರಿನ ಕುರ್ಚಿ ಇಳಿಸಿ ಕೂತಳು. ದನಿ ತಗ್ಗಿತು. "ಪೇಪರ್ ಬಂದ ಮಾರನೇ ದಿನ ನಾನೇ ಕರಿದು ತಿಂದು ನೋಡ್ದೆ. ಕೆಸರು ವಾಸನೆ ಬಂತು ಆರ್ಡಿಸ್. ನನ್ನ ಬಾಯಿಗೇ ಬಂತು."

ಆರ್ಡಿಸ್ ಇಲ್ಲ ಇಲ್ಲ ಎಂದು ಅವಳ ಕೈ ಹಿಡಿದುಕೊಂಡಳು. ಬರ್ನೀಸ್ ಮೆಲ್ಲಗೆ ಬಿಡಿಸಿಕೊಂಡು ತಟ್ಟೆ ಎತ್ತಿದಳು.

"ಹೋಗು ತಾಯಿ. ನೀನು ನಿಜ ಹೇಳಿದ್ರೂ ಈಗ ನಂಗೆ ಗೊತ್ತಾಗಲ್ಲ."

ಮನೆಗೆ ಬಂದು ಅವಳು ಗಂಡನಿಗೂ ಹೇಳಿದಳು. ಅವನು ಟೈಪ್‌ರೈಟರಿನಿಂದ ಕೈ ತೆಗೆದ. ಯಾರಿಗಾದರೂ ಗೊತ್ತೇ ಎಂದು ಕೇಳಿದ. ಬರ್ನೀಸಳಿಗೆ ಹೇಳಿದೆ, ಅವಳು ನಂಬಲಿಲ್ಲ ಎಂದಾಗ ಅವನ ಬಿಗಿದಿದ್ದ ಭುಜಗಳು ಸಡಿಲವಾದವು. ತಪ್ಪಾಯಿತೆಂದು ನಾಲ್ಕು ಸಾಲು ಬರೆ ಎಂದು ಅವಳು ಒತ್ತಾಯಿಸಿದಳು.

"ಏನಂತ ಬರೀಲಿ? ಜನ ಹೋಗಿ ತಿಂದ್ರು, ಚೆನ್ನಾಗಿದೆ ಅಂದ್ರು. ಅವರ ಬಾಯಿಗೆ ಚೆನ್ನಾಗಿದ್ದ ಮೇಲೆ ನಾನು ಬರೆದಿದ್ದು ಸುಳ್ಳು ಹೆಂಗಾಗುತ್ತೆ?"

"ಇನ್ಮೇಲೆ ನಾನು ನಿನ್ನ ಜೊತೆ ಬರಲ್ಲ," ಎಂದಳು ಆರ್ಡಿಸ್.

ಅವಳಿಲ್ಲದೆ ಅವನು ತಿಂಗಳೊಳಗೆ ಎಡವುತ್ತಾನೆ ಎಂದು ಅವಳ ಲೆಕ್ಕ. ರೋಲಂಡ್ ಒಬ್ಬನೇ ಹೋಗತೊಡಗಿದ. ಪಕ್ಕದ ಮೇಜಿನವರ ಮುಖ ನೋಡಿದ, ಬಡಿಸುವವರನ್ನು ವಿಚಾರಿಸಿದ, ಹಳೆಯ ಅಂಕಣಗಳಲ್ಲಿದ್ದ ಹೆಂಡತಿಯ ಮಾತುಗಳನ್ನೇ ಆಚೀಚೆ ಮಾಡಿ ಬರೆದ. ಹಸಿ ಸಿಟ್ಟಿನ ಈರುಳ್ಳಿ ಒಂದೇ ವರ್ಷದಲ್ಲಿ ನಾಲ್ಕಾರು ಹೋಟೆಲುಗಳಲ್ಲಿ ಕಾಣಿಸಿಕೊಂಡಿತು. ಯಾರೂ ಏನೂ ಅನ್ನಲಿಲ್ಲ. ಕಾಗದಗಳು ಬರುತ್ತಲೇ ಇದ್ದವು.

ಬೇಸಿಗೆಯಲ್ಲಿ ಬರ್ನೀಸ್ ಕಟ್ಟಡ ಮಾರಿ ತಂಗಿಯ ಮನೆ ಸೇರಿದಳು. ಕೊಂಡವರು ಅಡುಗೆಮನೆ ಒಡೆದು ಬಿಲಿಯರ್ಡ್ಸ್ ಮೇಜು ಹಾಕಿಸಿದರು. ಒಮ್ಮೆ ದಿನಸಿ ಅಂಗಡಿಯಲ್ಲಿ ಆರ್ಡಿಸಳಿಗೆ ಅವಳು ದೂರದಿಂದ ಕಂಡಳು. ಕರೆಯುವಷ್ಟರಲ್ಲಿ ಬರ್ನೀಸ್ ತಳ್ಳುಗಾಡಿ ತಿರುಗಿಸಿಕೊಂಡು ಬೇರೆ ಸಾಲಿಗೆ ಹೋದಳು.

ಗಂಡಹೆಂಡತಿ ಬೇರೆಯಾಗಲಿಲ್ಲ. ವಾರದ ಉಳಿದ ದಿನ ಅವಳೇ ಬಡಿಸುತ್ತಾಳೆ, ಅವನು ಉಪ್ಪು ಸಾಲದೆಂದು ಮಾತ್ರ ಹೇಳುತ್ತಾನೆ. ಶುಕ್ರವಾರ ಆರ್ಡಿಸ್ ಒಬ್ಬಳೇ ಬಸ್ಸು ಹತ್ತಿ ನದಿಯಾಚೆಯ ಒಂದು ಸಣ್ಣ ಬಾರಿಗೆ ಹೋಗುತ್ತಾಳೆ. ಅಲ್ಲಿಯ ಮುದುಕ ಮೀನನ್ನು ಪರವಾಗಿಲ್ಲ ಎನ್ನುವಂತೆ ಕರಿಯುತ್ತಾನೆ. ಅದರ ಹೆಸರನ್ನು ಅವಳು ಯಾರಿಗೂ ಹೇಳಿಲ್ಲ.

ಒಂದು ಸಂಜೆ ಪಕ್ಕದ ಮೇಜಿನಲ್ಲಿ ಹೊಸದಾಗಿ ಊರಿಗೆ ಬಂದಿದ್ದ ಗಂಡಹೆಂಡತಿ ಕೂತಿದ್ದರು. ತಟ್ಟೆ ಅರ್ಧ ಖಾಲಿಯಾಗಿತ್ತು. ಹೆಂಗಸು ಆರ್ಡಿಸಳ ಕಡೆ ಬಗ್ಗಿ, ಈ ಊರಿನಲ್ಲಿ ಒಳ್ಳೆಯ ಮೀನು ಎಲ್ಲಿ ಸಿಗುತ್ತದೆ ಎಂದು ಕೇಳಿದಳು.

"ನೀವು ತಿಂತಿರೋದು ಹೆಂಗಿದೆ?" ಎಂದಳು ಆರ್ಡಿಸ್.

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೊಸಬರಿಗೆ ನಮಗೇನು ಗೊತ್ತಾಗುತ್ತೆ ಹೇಳಿ," ಎಂದು ಗಂಡ ಸಂಕೋಚದಿಂದ ನಕ್ಕ. "ಪೇಪರಲ್ಲಿ ಯಾರೋ ಬರೀತಾರಂತಲ್ಲ?"

"ಹೌದು, ಬರೀತಾರೆ," ಎಂದು ಆರ್ಡಿಸ್ ಮೀನು ಆರುವ ಮುಂಚೆ ತಿನ್ನಲು ಬಗ್ಗಿದಳು.